ಮುಂಬಯಿ ಮನೆಗೆ ಎಂಥ ಸಿಡಿ ಪ್ಲೇಯರ್?

ಒಳ್ಳೆಯ ಸಿಡಿ ಪ್ಲೇಯರ್ ಯಾವುದು ಎಂದು ಅಂಗಡಿಯಲ್ಲಿ ಕೇಳಿದರೆ ಮೊದಲು ಸಿಗುವ ಉತ್ತರ ಅಂಕಿಗಳದು. ಇದರಲ್ಲಿ 32 ಬಿಟ್ ಚಿಪ್ ಇದೆ, ಅದು 192 ಕಿಲೋಹರ್ಟ್ಸ್, ಇನ್ನೊಂದರ ಒಳಗಿರುವುದು ಹೆಸರಾಂತ ಜಪಾನಿ ಕಂಪನಿಯ ಚಿಪ್. ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದೂ ಅದೇ, ಹತ್ತಾರು ಸಾವಿರದಿಂದ ಲಕ್ಷಗಳವರೆಗೆ ಏರುವ ಬೆಲೆಗೆ ಕೊಡುವ ಕಾರಣವೂ ಬಹುಪಾಲು ಅದೇ. ಸಿಡಿಯಲ್ಲಿರುವ ಅಂಕಿಗಳನ್ನು ದನಿಯಾಗಿಸುವ ಕೆಲಸ ಇಂದು ಅಗ್ಗದ ಚಿಪ್ಪಿಗೂ ಕಷ್ಟವಲ್ಲ. ಕಷ್ಟವಿರುವುದು ಆ ಅಂಕಿಗಳನ್ನು ತಟ್ಟೆಯ ಮೇಲಿಂದ ತಪ್ಪಿಲ್ಲದೆ ಓದುವುದರಲ್ಲಿ, ಅದೂ ವರ್ಷದ ನಾಲ್ಕು ತಿಂಗಳು ಗೋಡೆ ಬೆವರುವ, ಉಪ್ಪುಗಾಳಿ ಕಿಟಕಿಯ ಸರಳನ್ನೇ ತಿನ್ನುವ ಊರಿನಲ್ಲಿ ಹತ್ತು ಹದಿನೈದು ವರ್ಷ ಓದುತ್ತಲೇ ಇರುವುದರಲ್ಲಿ. ಹಾಗಾಗಿ ಮುಂಬಯಿಯಲ್ಲಿ ಸಿಡಿ ಪ್ಲೇಯರ್ ಆರಿಸುವವರು ಮೊದಲು ನೋಡಬೇಕಾದದ್ದು ಲೇಸರ್ ಮತ್ತು ಮೆಕ್ಯಾನಿಸಂ, ಆಮೇಲೆ ಅದನ್ನು ರಿಪೇರಿ ಮಾಡಬಲ್ಲವರು ಊರಲ್ಲಿದ್ದಾರೆಯೇ ಎಂಬುದು. ಚಿಪ್ಪಿನ ಹೆಸರನ್ನು ಎಲ್ಲಕ್ಕಿಂತ ಕೊನೆಗೆ ನೋಡಿದರೂ ನಷ್ಟವಿಲ್ಲ.

ಫೋನಿನಲ್ಲೇ ಲೋಕದ ಸಂಗೀತವೆಲ್ಲ ಸಿಗುವಾಗ ಸಿಡಿ ಏಕೆ ಎಂಬ ಪ್ರಶ್ನೆಗೆ ಈ ಊರಿನ ಕನ್ನಡ ಮನೆಗಳ ಕಪಾಟುಗಳಲ್ಲೇ ಉತ್ತರವಿದೆ. ಮಾಟುಂಗದಿಂದ ಡೊಂಬಿವಲಿಯವರೆಗೆ, ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಬಸವರಾಜ ರಾಜಗುರು ಅವರ ಸಿಡಿಗಳು, ಸಿ. ಅಶ್ವಥ್ ಮತ್ತು ಮೈಸೂರು ಅನಂತಸ್ವಾಮಿಯವರ ಭಾವಗೀತೆಗಳು, ಹಳೆಯ ಚಿತ್ರಗೀತೆಗಳು ಅಲ್ಲಿವೆ. ಇವುಗಳಲ್ಲಿ ಕೆಲವಷ್ಟು ಆ್ಯಪ್‌ಗಳಲ್ಲಿ ಸಿಗುತ್ತವೆ. ಸಿಗದಿರುವುದು ಬೇರೆ. ಸಣ್ಣ ಸಣ್ಣ ಕಂಪನಿಗಳು ತಂದ ಯಕ್ಷಗಾನ ಪ್ರಸಂಗಗಳು, ತಾಳಮದ್ದಳೆಗಳು, ಸಂಘದ ಸಭಾಂಗಣದಲ್ಲಿ ನಡೆದ ಕಛೇರಿಯನ್ನು ಯಾರೋ ಧ್ವನಿಮುದ್ರಿಸಿ ಹಂಚಿದ ತಟ್ಟೆಗಳು ಇಂಟರ್‌ನೆಟ್ ಸೇರುವ ಮೊದಲೇ ಮಾರುಕಟ್ಟೆಯಿಂದ ಮರೆಯಾದವು. ಕಾಲಾ ಘೋಡಾದ ರಿದಂ ಹೌಸ್ 2016ರಲ್ಲಿ ಬಾಗಿಲು ಮುಚ್ಚಿದ ಮೇಲೆ ಇಂಥವನ್ನು ಹುಡುಕಿಕೊಂಡು ಹೋಗುವ ದೊಡ್ಡ ಅಂಗಡಿಯೂ ನಗರದಲ್ಲಿ ಇಲ್ಲವಾಯಿತು. ಇನ್ನೊಂದು ಕಾರಣ ಸಂಗೀತದ ಒಳಗಿನದು. ಗಂಗೂಬಾಯಿ 1930ರ ದಶಕದಲ್ಲಿ ಮುಂಬಯಿಗೆ ಬಂದು ಎಚ್‌ಎಂವಿ ಕಂಪನಿಗೆ ಹಾಡಿದಾಗ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದದ್ದು ಮೂರು ಮೂರೂವರೆ ನಿಮಿಷ. ಎಲ್‌ಪಿ ಬಂದಾಗ ಇಪ್ಪತ್ತು ಇಪ್ಪತ್ತೈದು ನಿಮಿಷವಾಯಿತು. ನಿಧಾನಗತಿಯ ವಿಲಂಬಿತದಿಂದ ವೇಗದ ದ್ರುತದವರೆಗೆ ಒಂದು ರಾಗವನ್ನು ಮಧ್ಯೆ ಎದ್ದು ಮಗುಚಿ ಹಾಕದೆ ಕೇಳಲು 74 ನಿಮಿಷದ ಸಿಡಿ ಬರಬೇಕಾಯಿತು. ಹಿಂದೂಸ್ತಾನಿ ಕೇಳುಗರಿಗೆ ಸಿಡಿ ಕೊಟ್ಟ ದೊಡ್ಡ ಕೊಡುಗೆ ಇದು ಎಂದೇ ನನ್ನ ಭಾವನೆ. ದನಿಯ ಶುಚಿ ಆಮೇಲಿನ ಮಾತು.

ತಟ್ಟೆ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ನೋಡಿದರೆ ಹಣ ಎಲ್ಲಿ ಹಾಕಬೇಕೆಂಬುದು ತಾನಾಗಿ ತಿಳಿಯುತ್ತದೆ. ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು ಕೂಡಿ 1980ರಲ್ಲಿ ಸಿಡಿಯ ನಿಯಮಗಳನ್ನು ಬರೆದವು. ಸೋನಿಯ ಮೊದಲ ಪ್ಲೇಯರ್ ಸಿಡಿಪಿ-101 ಜಪಾನಿನಲ್ಲಿ 1982ರ ಅಕ್ಟೋಬರ್ 1ರಂದು ಮಾರಾಟಕ್ಕೆ ಬಂತು. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನ ಒಂದು ಅಂಕಿಯಾಗಿ ಬರೆದು, ಆ ಅಂಕಿಗಳನ್ನು ಪ್ಲಾಸ್ಟಿಕ್ಕಿನೊಳಗೆ ಸಣ್ಣ ಗುಳಿಗಳ ಸಾಲಾಗಿ ಒತ್ತಿರುತ್ತಾರೆ. ಒಂದು ಸಾಲಿಗೂ ಪಕ್ಕದ ಸಾಲಿಗೂ ನಡುವೆ ಇರುವ ದೂರ 1.6 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಆರುನೂರಕ್ಕೂ ಹೆಚ್ಚು ಸಾಲು. ಒಳಗಿನಿಂದ ಹೊರಕ್ಕೆ ಸುರುಳಿ ಸುತ್ತಿರುವ ಈ ಸಾಲನ್ನು ಬಿಡಿಸಿ ರೈಲುಹಳಿಯ ಪಕ್ಕ ಹಾಸಿದರೆ ಚರ್ಚ್‌ಗೇಟಿನಿಂದ ಹೊರಟು ಮುಂಬಯಿ ಸೆಂಟ್ರಲ್ ದಾಟಿ ಹೋದೀತು. ತಟ್ಟೆ ಒಳಬದಿಯಲ್ಲಿ ನಿಮಿಷಕ್ಕೆ ಸುಮಾರು 500 ಸುತ್ತು ತಿರುಗುತ್ತದೆ, ಅಂಚಿಗೆ ಬರುವ ಹೊತ್ತಿಗೆ 200ಕ್ಕೆ ಇಳಿಯುತ್ತದೆ. ಕಣ್ಣಿಗೆ ಕಾಣದ 780 ನ್ಯಾನೋಮೀಟರಿನ ಲೇಸರ್ ಕಿರಣ ಆ ಸಾಲಿನ ಮೇಲೆ ಬಿದ್ದು ಹಿಂದಿರುಗುತ್ತದೆ. ತಿರುಗುವಾಗ ತಟ್ಟೆ ಅರ್ಧ ಮಿಲಿಮೀಟರಿನಷ್ಟು ಮೇಲೆ ಕೆಳಗೆ ತೂಗಾಡಿದರೂ ಕಿರಣದ ಚುಕ್ಕೆ ಎರಡು ಮೈಕ್ರಾನಿಗಿಂತ ಹೆಚ್ಚು ಆಚೀಚೆಯಾಗುವಂತಿಲ್ಲ. ಇದಕ್ಕಾಗಿ ಬಟಾಣಿಗಿಂತ ಚಿಕ್ಕ ಲೆನ್ಸೊಂದನ್ನು ತೆಳು ಕಂಬಿಗಳ ಮೇಲೆ ತೇಲಿಸಿ, ಸುರುಳಿ ಮತ್ತು ಅಯಸ್ಕಾಂತದ ಬಲದಿಂದ ಕ್ಷಣಕ್ಷಣಕ್ಕೂ ಎತ್ತಿ ಇಳಿಸಿ ಸರಿಪಡಿಸುತ್ತಿರಬೇಕು. ಚಲಿಸುವ, ಸವೆಯುವ, ಕೊಳೆಯಾಗುವ ಭಾಗಗಳಲ್ಲಿ ಮುಖ್ಯವಾದದ್ದು ಇದು.

ಓದುವಾಗ ತಪ್ಪುಗಳಾಗುವುದು ಸಹಜ ಎಂದು ಸಿಡಿಯನ್ನು ರೂಪಿಸಿದವರಿಗೆ ಗೊತ್ತಿತ್ತು. ಅದಕ್ಕೇ ರೀಡ್ ಮತ್ತು ಸಾಲಮನ್ ಎಂಬ ಗಣಿತಜ್ಞರು 1960ರಲ್ಲಿ ಕೊಟ್ಟ ಸೂತ್ರವನ್ನು ಬಳಸಿ, ಹೆಚ್ಚುವರಿ ಅಂಕಿಗಳನ್ನು ಸೇರಿಸಿ, ಒಂದೆಡೆ ಇರಬೇಕಾದ ಮಾಹಿತಿಯನ್ನು ದೂರದೂರಕ್ಕೆ ಹರಡಿ ಬರೆದರು. ಸಾಲಿನ ಉದ್ದಕ್ಕೂ ಸುಮಾರು 2.5 ಮಿಲಿಮೀಟರಿನಷ್ಟು ಅಳಿಸಿಹೋದರೂ ಪ್ಲೇಯರ್ ಅದನ್ನು ಲೆಕ್ಕ ಹಾಕಿ ಇದ್ದದ್ದು ಇದ್ದಂತೆ ಮರಳಿ ಪಡೆಯುತ್ತದೆ, ಊಹೆಯಿಂದಲ್ಲ. ಅದಕ್ಕಿಂತ ದೊಡ್ಡ ಗಾಯವಾದರೆ ಅಕ್ಕಪಕ್ಕದ ಅಂಕಿಗಳನ್ನು ನೋಡಿ ನಡುವಿನದನ್ನು ಅಂದಾಜು ಮಾಡುತ್ತದೆ. ಅದೂ ಆಗದಿದ್ದರೆ ದನಿ ನಿಲ್ಲುತ್ತದೆ ಅಥವಾ ಹಾರುತ್ತದೆ. ಚೆನ್ನಾಗಿ ಓದುವ ಅಗ್ಗದ ಪ್ಲೇಯರೂ ಚೆನ್ನಾಗಿ ಓದುವ ದುಬಾರಿ ಪ್ಲೇಯರೂ ಒಳ್ಳೆಯ ಸ್ಥಿತಿಯ ತಟ್ಟೆಯಿಂದ ಎತ್ತಿ ಚಿಪ್ಪಿಗೆ ಕೊಡುವ ಅಂಕಿಗಳು ಒಂದೇ. ಸೊನ್ನೆಯ ಜಾಗದಲ್ಲಿ ಹೆಚ್ಚು ಇಂಪಾದ ಸೊನ್ನೆ ಬರಲಾರದು. ಎರಡು ಯಂತ್ರಗಳ ವ್ಯತ್ಯಾಸ ಕಾಣುವುದು ತಟ್ಟೆ ಗೀರಿದಾಗ, ಬಾಗಿದಾಗ, ಹಳತಾದಾಗ, ಅಥವಾ ಯಂತ್ರವೇ ಹಳತಾದಾಗ.

ಅಂಕಿಗಳನ್ನು ವಿದ್ಯುತ್ತಿನ ಅಲೆಯಾಗಿಸುವ ಚಿಪ್ಪಿನಲ್ಲಿ ವ್ಯತ್ಯಾಸವಿಲ್ಲವೇ? ಅಳೆಯುವ ಉಪಕರಣಕ್ಕೆ ಇದೆ. ಕಿವಿಗೆ ಇಂಥ ಸೂಕ್ಷ್ಮಗಳು ಎಷ್ಟು ತಿಳಿಯುತ್ತವೆ ಎಂಬುದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಅಮೆರಿಕದ ಬ್ರಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಪ್ರಸಿದ್ಧ. ಸಿಡಿಗಿಂತ ಮೇಲ್ಮಟ್ಟದ ಧ್ವನಿಮುದ್ರಣವನ್ನು ಒಮ್ಮೆ ಹಾಗೆಯೇ ಕೇಳಿಸಿ, ಇನ್ನೊಮ್ಮೆ ಅದನ್ನೇ ಸಿಡಿಯ 16 ಬಿಟ್, 44.1 ಕಿಲೋಹರ್ಟ್ಸ್ ಅಳತೆಗೆ ಇಳಿಸಿ ಕೇಳಿಸಿ, ಯಾವುದು ಯಾವುದೆಂದು ಹೇಳದೆ ಗುರುತಿಸಲು ಕೇಳಿದರು. 554 ಯತ್ನಗಳಲ್ಲಿ ಸರಿಯಾದದ್ದು 276, ಅರ್ಧಕ್ಕಿಂತ ಒಂದು ಕಡಿಮೆ. ನಾಣ್ಯ ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಇದಕ್ಕೆ ಎದುರಾಗಿ ಹೇಳುವುದೂ ಇದೆ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ 2016ರಲ್ಲಿ ಇಂಥ 18 ಪ್ರಯೋಗಗಳ 12 ಸಾವಿರಕ್ಕೂ ಹೆಚ್ಚು ಯತ್ನಗಳನ್ನು ಕೂಡಿಸಿ ನೋಡಿದಾಗ ಸರಿಯುತ್ತರಗಳು ಶೇಕಡಾ 52.3ರಷ್ಟಿದ್ದವು, ತರಬೇತಿ ಪಡೆದ ಕಿವಿಗಳು ಇನ್ನೂ ಮೇಲೆ ಹೋದವು. ಅಂದರೆ ವ್ಯತ್ಯಾಸ ಶೂನ್ಯವೆಂದು ಹೇಳಲಾಗದು. ಆದರೆ ಆ ವ್ಯತ್ಯಾಸ ಸಿಡಿಗೂ ಅದಕ್ಕಿಂತ ಮೇಲಿನ ಅಳತೆಗೂ ನಡುವಿನದು. ಒಂದೇ ಸಿಡಿಯನ್ನು ಓದುವ ಎರಡು ಒಳ್ಳೆಯ ಪ್ಲೇಯರುಗಳ ನಡುವಿನದಲ್ಲ. ಶಾಂತವಾದ ಪ್ರಯೋಗಶಾಲೆಯಲ್ಲಿ ಇಷ್ಟು ಕಷ್ಟಪಟ್ಟು ಹಿಡಿಯಬೇಕಾದ ಸೂಕ್ಷ್ಮಕ್ಕೆ ಲಕ್ಷ ರೂಪಾಯಿ ಕೊಡುವ ಮೊದಲು ನಮ್ಮ ಕೋಣೆಯನ್ನೊಮ್ಮೆ ನೋಡಿಕೊಳ್ಳಬೇಕು.

ಮುಂಬಯಿಯ ಕೋಣೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವಾದ ಇನ್ನೂ ಗಟ್ಟಿಯಾಗುತ್ತದೆ. 16 ಬಿಟ್ ಸಿಡಿಯಲ್ಲಿ ಅತಿ ಮೆಲ್ಲನೆಯ ದನಿಗೂ ಅತಿ ಜೋರಿನದಕ್ಕೂ ಇರಬಹುದಾದ ಅಂತರ ಸುಮಾರು 96 ಡೆಸಿಬೆಲ್. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ದಾಟಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಕುರ್ಲಾ, ದಾದರ್, ಬೊರಿವಲಿಗಳಲ್ಲಿ ಹಳಿಯ ಪಕ್ಕ, ಎಸ್.ವಿ. ರೋಡಿನ ಬದಿ, ಫ್ಯಾನ್ ತಿರುಗುವ ಹಾಲಿನಲ್ಲಿ ಆ ಮಿತಿಯೊಳಗಿನ ಶಾಂತಿ ಸಿಗುವುದೇ ಅಪರೂಪ. ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅತಿ ಮೆಲ್ಲನೆಯ ದನಿ ಆ 45ರ ಸದ್ದನ್ನು ಮೀರಿ ಕೇಳಬೇಕಾದರೆ ಅತಿ ಜೋರಿನದು 140 ಮುಟ್ಟಬೇಕು. ಅದು ಕಿವಿಗೆ ನೋವಾಗುವ, ಕಿವಿ ಕೆಡುವ ಮಟ್ಟ. ಹೀಗಾಗಿ ನಮ್ಮ ಫ್ಲ್ಯಾಟುಗಳು ಸಿಡಿಯ 16 ಬಿಟ್ಟನ್ನೇ ಪೂರ್ತಿ ಬಳಸಲಾರವು. 24 ಮತ್ತು 32ರ ಮಾತು ಚಿಪ್ಪಿನ ಒಳಗಿನ ಲೆಕ್ಕಾಚಾರದ ಅನುಕೂಲಕ್ಕೆ ಸಂಬಂಧಿಸಿದ್ದು, ತಟ್ಟೆಯಲ್ಲಿ ಇಲ್ಲದ ದನಿಯನ್ನು ಅದು ತರುವುದಿಲ್ಲ.

ಆದರೂ ಅಂಗಡಿಯಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ಕೇಳಿದಾಗ ಒಂದು ಚೆನ್ನಾಗಿ ಕೇಳಿಸಿತಲ್ಲ ಎನ್ನುವವರಿದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪ್ಲೇಯರಿನಿಂದ ಹೊರಬರುವ ಸಂಕೇತಕ್ಕೆ 2 ವೋಲ್ಟ್ ಎಂಬುದು ರೂಢಿಯ ಅಳತೆ, ಆದರೆ ಎಲ್ಲರೂ ಅದನ್ನು ಪಾಲಿಸುವುದಿಲ್ಲ. ಒಂದು 2 ವೋಲ್ಟ್, ಇನ್ನೊಂದು 2.3 ವೋಲ್ಟ್ ಕೊಟ್ಟರೆ ಎರಡನೆಯದು 1.2 ಡೆಸಿಬೆಲ್ ಜೋರಾಗಿರುತ್ತದೆ. ಅಷ್ಟು ಸಣ್ಣ ಏರಿಕೆಯನ್ನು ಕಿವಿ ಜೋರು ಎಂದು ಗುರುತಿಸುವುದಿಲ್ಲ, ಸ್ಪಷ್ಟ, ತುಂಬು, ಜೀವಂತ ಎಂದು ಗುರುತಿಸುತ್ತದೆ. ಆಂಪ್ಲಿಫೈಯರಿನ ವಾಲ್ಯೂಮನ್ನು ಅಳೆದು ಸಮ ಮಾಡದೆ ನಡೆಸಿದ ಯಾವ ಹೋಲಿಕೆಯನ್ನೂ ನಂಬಲಾಗದು. ಇನ್ನು ಜಿಟರ್ ಎಂಬ ಆಕ್ಷೇಪ. ಅಂಕಿಗಳು ಸರಿ ಇದ್ದರೂ ಅವು ಹೊರಬರುವ ಗಳಿಗೆಗಳು ಹೆಚ್ಚುಕಡಿಮೆಯಾದರೆ ದನಿ ಕೆಡುತ್ತದೆ ಎಂಬ ಮಾತು ತತ್ತ್ವದಲ್ಲಿ ನಿಜ. ಆದರೆ ಪ್ಲೇಯರ್ ತಟ್ಟೆಯಿಂದ ಬಂದದ್ದನ್ನು ಮೊದಲು ಮೆಮೊರಿಯಲ್ಲಿ ತುಂಬಿಕೊಂಡು, ಕ್ವಾರ್ಟ್ಜ್ ಹರಳಿನ ತಾಳಕ್ಕೆ ಹೊರಬಿಡುತ್ತದೆ. ಮೋಟರಿನ ಏರುಪೇರು ದನಿಗೆ ತಾಕದಂತೆ ಮಾಡುವ ಈ ಏರ್ಪಾಡು ಮೊದಲಿನಿಂದಲೂ ಇದೆ. 1980ರ ದಶಕದ ಸಿಡಿಗಳು ಕಿವಿಗೆ ಕರ್ಕಶವಾಗಿದ್ದವು ಎಂಬ ನೆನಪಿನಲ್ಲೂ ಸತ್ಯವಿದೆ. ಅದರ ಹೊಣೆಯ ಬಹುಪಾಲನ್ನು ನಾನು ಪ್ಲೇಯರಿನ ಮೇಲೆ ಹೊರಿಸಲಾರೆ. ಎಲ್‌ಪಿಗಾಗಿ ಸಿದ್ಧಮಾಡಿದ ಹಳೆಯ ಟೇಪುಗಳನ್ನು ಅವಸರದಲ್ಲಿ ಸಿಡಿಗೆ ಇಳಿಸಿದ್ದು ಆಗ ಸಾಮಾನ್ಯವಾಗಿತ್ತು. ಕೆಲವು ಸಿಡಿಗಳ ಹಿಂದೆ ಎಎಡಿ, ಎಡಿಡಿ, ಡಿಡಿಡಿ ಎಂಬ ಮೂರಕ್ಷರ ಕಾಣಬಹುದು. ಧ್ವನಿಮುದ್ರಣ, ಮಿಶ್ರಣ, ಕೊನೆಯ ಪ್ರತಿ ಈ ಮೂರರಲ್ಲಿ ಯಾವುದು ಟೇಪಿನದು, ಯಾವುದು ಡಿಜಿಟಲ್ ಎಂದು ಅವು ಹೇಳುತ್ತವೆ. ಮನ್ಸೂರರ ದನಿಯ ಹಿಂದೆ ಕೇಳುವ ಮಂದ ಹಿಸ್ ಸದ್ದು ಟೇಪಿನದು. ಯಾವ ಬೆಲೆಯ ಪ್ಲೇಯರೂ ಅದನ್ನು ತೆಗೆಯಲಾರದು.

ಈಗ ಯಂತ್ರ ನಿಜವಾಗಿ ಸೋಲುವ ಜಾಗಕ್ಕೆ ಬರೋಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬಯಿಯಲ್ಲಿ ಎರಡು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇಕಡಾ 80 ದಾಟಿರುವುದೇ ಹೆಚ್ಚು. ಕ್ಯಾಮೆರಾ ಲೆನ್ಸಿಗೆ ಬೂಷ್ಟು ಹಿಡಿಯುವ ಈ ಹವೆಯಲ್ಲಿ ಪ್ಲೇಯರಿನ ಲೆನ್ಸಿನ ಮೇಲೂ ತೆಳು ಪೊರೆ ಕೂರುತ್ತದೆ, ಅಡುಗೆಮನೆಯ ಎಣ್ಣೆಹೊಗೆಯೂ ರಸ್ತೆಯ ಧೂಳೂ ಅದಕ್ಕೆ ಸೇರುತ್ತವೆ. ಆಗ ಹಿಂದಿರುಗುವ ಬೆಳಕು ಕಡಿಮೆಯಾಗಿ, ಮೊದಲು ಹಳೆಯ ತಟ್ಟೆಗಳನ್ನು, ಆಮೇಲೆ ಹೊಸವನ್ನೂ ಯಂತ್ರ ಗುರುತಿಸದೆ ‘ನೋ ಡಿಸ್ಕ್’ ಎನ್ನುತ್ತದೆ. ಟ್ರೇಯನ್ನು ಎಳೆಯುವ ರಬ್ಬರ್ ಬೆಲ್ಟ್ ಸೆಕೆಗೆ ಸಡಿಲಾಗಿ ಅಂಟಂಟಾಗುತ್ತದೆ. ಬಾಗಿಲು ಅರ್ಧಕ್ಕೆ ನಿಲ್ಲುವುದಕ್ಕೆ ಬಹುಪಾಲು ಇದೇ ಕಾರಣ, ರಿಪೇರಿಯೂ ಅಗ್ಗದ್ದೇ. ಲೇಸರನ್ನು ಹೊತ್ತು ಸರಿಯುವ ಹಳಿಯ ಗ್ರೀಸ್ ಗಟ್ಟಿಯಾದರೆ ಹಾಡಿನ ನಡುವೆ ತೊದಲುತ್ತದೆ. ವರ್ಲಿ, ಬಾಂದ್ರಾ, ವರ್ಸೋವಾಗಳಂಥ ಕಡಲಂಚಿನ ಮನೆಗಳಲ್ಲಿ ಹಿಂಬದಿಯ ಸಾಕೆಟ್ಟುಗಳೂ ಒಳಗಿನ ರಿಬ್ಬನ್ ಕೇಬಲಿನ ತುದಿಗಳೂ ಕಿಲುಬು ಹಿಡಿಯುತ್ತವೆ. ಇವು ಯಾವುದನ್ನೂ ಚಿಪ್ಪಿನ ಗುಣ ತಡೆಯಲಾರದು. ತಡೆಯುವುದು ಬಿಗಿಯಾಗಿ ಮುಚ್ಚುವ ಟ್ರೇ, ಗಟ್ಟಿ ಚಾಸಿ, ಚಿನ್ನದ ಲೇಪದ ಸಾಕೆಟ್, ಮತ್ತು ಬಿಡಿಭಾಗ ಸಿಗುವ ಲೇಸರ್ ಯೂನಿಟ್. ಪ್ಲೇಯರಿನೊಳಗೆ ಯಾವ ಲೇಸರ್ ಇದೆ ಎಂದು ಕೇಳುವ ಗಿರಾಕಿ ಅಪರೂಪ, ಆದರೆ ಕೇಳಲೇಬೇಕಾದ ಪ್ರಶ್ನೆ ಅದು. ಸೋನಿಯ ಕೆಎಸ್‌ಎಸ್-213, ಸಾನ್ಯೋದ ಎಸ್‌ಎಫ್-ಪಿ101ಎನ್ ಮೊದಲಾದ ಯೂನಿಟ್ಟುಗಳು ಅಸಂಖ್ಯ ಯಂತ್ರಗಳಲ್ಲಿ ಕುಳಿತಿವೆ, ಹಾಗಾಗಿ ಅವಕ್ಕೆ ಬದಲಿ ಸಿಗುತ್ತದೆ. ಒಂದೇ ಕಂಪನಿ ಒಂದೇ ಮಾದರಿಗೆಂದು ಮಾಡಿದ ವಿಶೇಷ ಮೆಕ್ಯಾನಿಸಂ ಎಷ್ಟೇ ಸೊಗಸಾಗಿರಲಿ, ಅದು ಕೆಟ್ಟ ದಿನ ಇಡೀ ಪೆಟ್ಟಿಗೆ ನಿರುಪಯೋಗಿ.

ನಮ್ಮ ಕಪಾಟಿನ ತಟ್ಟೆಗಳ ಜಾತಿಯನ್ನೂ ಗಮನಿಸಬೇಕು, ಏಕೆಂದರೆ ವಿದೇಶಿ ವಿಮರ್ಶೆಗಳು ಇದನ್ನು ಹೇಳುವುದೇ ಇಲ್ಲ. ಕಾರ್ಖಾನೆಯಲ್ಲಿ ಒತ್ತಿದ ಸಿಡಿ ಒಂದು ಬಗೆ. ಸಂಘಸಂಸ್ಥೆಗಳು, ಸಣ್ಣ ಪ್ರಕಾಶಕರು, ಪರಿಚಯದವರು ಕಂಪ್ಯೂಟರಿನಲ್ಲಿ ಬರೆದು ಕೊಟ್ಟ ಸಿಡಿ-ಆರ್ ಇನ್ನೊಂದು. ಅದರಲ್ಲಿ ಗುಳಿಗಳಿಲ್ಲ, ಲೇಸರಿನ ಶಾಖಕ್ಕೆ ಬಣ್ಣಗೆಟ್ಟ ರಾಸಾಯನಿಕ ಪದರವಿದೆ. ಅದು ಬೆಳಕನ್ನು ಹಿಂದಿರುಗಿಸುವುದು ಕಡಿಮೆ, ಬಿಸಿಲು ಸೆಕೆಗಳಿಗೆ ವರ್ಷಗಟ್ಟಲೆ ಒಡ್ಡಿದರೆ ಇನ್ನೂ ಮಾಸುತ್ತದೆ. ತಾಳಮದ್ದಳೆಯ ಅಪರೂಪದ ಮುದ್ರಣಗಳು ಇರುವುದು ಬಹುಮಟ್ಟಿಗೆ ಇಂಥ ತಟ್ಟೆಗಳಲ್ಲೇ. ಮೂರನೆಯದು 2000ದ ದಶಕದಲ್ಲಿ ಫುಟ್‌ಪಾತಿನಿಂದ ಅಂಗಡಿಯವರೆಗೆ ಎಲ್ಲೆಡೆ ಮಾರಾಟವಾದ ಎಂಪಿ3 ಸಿಡಿ. ಆಡಿಯೋ ಸಿಡಿಯಲ್ಲಿ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಮಾಹಿತಿ ಹರಿದರೆ, 128 ಕಿಲೋಬಿಟ್ಟಿನ ಎಂಪಿ3ಯಲ್ಲಿ ಅದರ ಹನ್ನೊಂದನೇ ಒಂದು ಪಾಲು. ತಂಬೂರಿಯ ಜವಾರಿಯಲ್ಲಿ ಹುಟ್ಟುವ ಮೇಲ್ಸ್ವರಗಳ ಗುಂಯ್‌ಗುಡುವಿಕೆ ಮೊದಲು ಕಳೆದುಹೋಗುವುದು ಇಲ್ಲಿ. ಇದನ್ನು ಮಾತ್ರ ಬೆರಳಿಟ್ಟು ಹೇಳಬಲ್ಲ ಕಿವಿಗಳು ನಮ್ಮಲ್ಲಿ ಬಹಳಷ್ಟಿವೆ. ಬಹಳ ದುಬಾರಿಯಾದ ಕೆಲವು ಪ್ಲೇಯರುಗಳು ಎಂಪಿ3 ತಟ್ಟೆಯನ್ನು ಮುಟ್ಟುವುದೇ ಇಲ್ಲ, ಬಹಳ ಹಳೆಯವು ಸಿಡಿ-ಆರ್ ಕಂಡರೆ ಮುಗ್ಗರಿಸುತ್ತವೆ. ಮುಂಬಯಿ ಕನ್ನಡಿಗರ ಮನೆಗೆ ಒಳ್ಳೆಯ ಪ್ಲೇಯರ್ ಎಂದರೆ ಈ ಮೂರನ್ನೂ ಓದುವ ಪ್ಲೇಯರ್ ಎಂದು ಅರ್ಥ.

ಆದ್ದರಿಂದ ಅಂಗಡಿಗೆ ಹೋಗುವಾಗ ಅವರು ಹಾಕಿ ತೋರಿಸುವ ಹೊಚ್ಚಹೊಸ ತಟ್ಟೆಯನ್ನು ನೆಚ್ಚದೆ ಮನೆಯವನ್ನೇ ಒಯ್ಯಬೇಕು. ಹೆಚ್ಚು ಗೀರಾದದ್ದೊಂದು, ಹಳೆಯ ಸಿಡಿ-ಆರ್ ಒಂದು, ಎಂಪಿ3 ಒಂದು, ಕೊನೆಯವರೆಗೂ ತುಂಬಿದ ಉದ್ದನೆಯದೊಂದು. ಉದ್ದನೆಯದರ ಕೊನೆಯ ಹಾಡಿಗೆ ನೇರ ಹಾರಿ ನೋಡಬೇಕು, ಏಕೆಂದರೆ ಬಾಗಿದ ತಟ್ಟೆ ಹೆಚ್ಚು ತೂಗಾಡುವುದು ಅಂಚಿನಲ್ಲಿ. ತಟ್ಟೆ ಇಟ್ಟು ಎಷ್ಟು ಹೊತ್ತಿಗೆ ಹಾಡುಗಳ ಸಂಖ್ಯೆ ತೋರಿಸುತ್ತದೆ ಎಂಬುದು ಲೆನ್ಸಿನ ಆರೋಗ್ಯದ ಒಳ್ಳೆಯ ಸೂಚನೆ. ಆಮೇಲೆ ಆಲಾಪ ಆರಂಭವಾಗುವ ತಂಬೂರಿಯಷ್ಟೇ ಇರುವ ಭಾಗವನ್ನು ಮೆಲ್ಲಗೆ ಹಾಕಿ, ಪ್ಲೇಯರಿನ ಹತ್ತಿರ ಕಿವಿ ತರಬೇಕು. ಮೋಟರಿನ ಗುರ್ ಸದ್ದು, ತಟ್ಟೆಯ ಗಾಳಿಸದ್ದು ಕೇಳಿದರೆ ಆ ಯಂತ್ರ ಬೇಡ. ಹಿಂದೂಸ್ತಾನಿ ಕೇಳುವವರಿಗೆ ಇದು ಬಿಟ್ಟುಗಳಿಗಿಂತ ದೊಡ್ಡ ದೋಷ. ಹಾಡಿನಿಂದ ಹಾಡಿಗೆ ಹೋಗುವಾಗ ಪ್ಲೇಯರ್ ತಾನಾಗಿ ಮೌನ ತುರುಕುತ್ತದೆಯೇ ಎಂದೂ ನೋಡಬೇಕು. ವಿಲಂಬಿತ, ದ್ರುತಗಳನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿದ ಕಛೇರಿಯಲ್ಲಿ ಆ ಕಡಿತ ಅಸಹ್ಯ. ಡಿಜಿಟಲ್ ಔಟ್‌ಪುಟ್ ಇರಲೇಬೇಕು. ಮುಂದೆ ಒಳಗಿನ ಚಿಪ್ ಕೆಟ್ಟರೂ ಹೊರಗಿನ ಚಿಪ್ಪಿಗೆ ಜೋಡಿಸಿ ಮೆಕ್ಯಾನಿಸಂ ಉಳಿಸಿಕೊಳ್ಳಬಹುದು. ಇಂದಿನ ಹಲವು ಆಂಪ್ಲಿಫೈಯರುಗಳಲ್ಲಿ ಡಿಜಿಟಲ್ ಇನ್‌ಪುಟ್ ಇದ್ದೇ ಇರುವುದರಿಂದ, ಅದಕ್ಕೆ ಜೋಡಿಸಿದಿರೆಂದರೆ ಪ್ಲೇಯರಿನ ಚಿಪ್ ಕೆಲಸಕ್ಕೇ ಬರುವುದಿಲ್ಲ. ಆ ಹೆಸರಿಗೆ ಕೊಟ್ಟ ಹಣವೂ ಅಷ್ಟೇ.

ಹೊಸದರಲ್ಲಿ ಮರಾಂಟ್ಜ್, ಡೆನಾನ್, ಯಮಾಹಾ, ಎನ್‌ಎಡಿ, ರೋಟೆಲ್, ಕೇಂಬ್ರಿಡ್ಜ್ ಆಡಿಯೋ ಇವುಗಳ ಕಡಿಮೆ ಬೆಲೆಯ ಮಾದರಿಗಳೇ ಮೇಲಿನ ಪರೀಕ್ಷೆಗಳಿಗೆ ಸಾಮಾನ್ಯವಾಗಿ ಸಾಕು. ಅದಕ್ಕಿಂತ ಮೇಲಿನ ಬೆಲೆಗೆ ಸಿಗುವುದು ಹೆಚ್ಚಾಗಿ ದಪ್ಪ ಲೋಹದ ಮುಖ, ಭಾರದ ಟ್ರಾನ್ಸ್‌ಫಾರ್ಮರ್, ಮೃದುವಾಗಿ ಸರಿಯುವ ಟ್ರೇ. ಅವು ಸಂತೋಷ ಕೊಡುವ ವಸ್ತುಗಳೇ, ಬೇಡವೆನ್ನುವುದಿಲ್ಲ. ಮುಂಬಯಿಯ ವಿಶೇಷವಿರುವುದು ಹಳೆಯದರಲ್ಲಿ. ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಒಪೇರಾ ಹೌಸ್ ಕಡೆಗೆ ನಡೆದರೆ ಸಿಗುವ ಲ್ಯಾಮಿಂಗ್ಟನ್ ರೋಡ್ ಬಿಡಿಭಾಗಗಳ ಪೇಟೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಹಳೆಯ ಸ್ಟೀರಿಯೋಗಳು ರಾಶಿ ಬಿದ್ದಿರುತ್ತವೆ. ಫಿಲಿಪ್ಸ್‌ನ ಹಳೆಯ ಸಿಡಿಎಂ-1 ಮೆಕ್ಯಾನಿಸಂ ಇರುವ ಯಂತ್ರಗಳಿಗೆ ಎರಕದ ಲೋಹದ ಒಡಲು, ಗಾಜಿನ ಲೆನ್ಸ್. ಅಂಥದು ಚಾಲೂ ಸ್ಥಿತಿಯಲ್ಲಿ ಸಿಕ್ಕರೆ ಆಸೆಯಾಗುವುದು ಸಹಜ. ಆದರೆ ಅದಕ್ಕೆ ಹೊಸ ಬಿಡಿಭಾಗ ತಯಾರಾಗುತ್ತಿಲ್ಲ, ಅದು ಸಂಗ್ರಾಹಕರ ಹವ್ಯಾಸ, ದಿನವೂ ಕೇಳುವವರ ಆಯ್ಕೆಯಲ್ಲ. ಹಳೆಯದನ್ನು ಕೊಳ್ಳುವಾಗ ಹಿಂಬದಿಯ ಚೀಟಿ ಓದುವುದು ಕಡ್ಡಾಯ. ಜಪಾನಿನೊಳಗೆ ಮಾರಿದವು 100 ವೋಲ್ಟಿನವು, ಅಮೆರಿಕದವು 120. ನಮ್ಮ 230ಕ್ಕೆ ನೇರ ಚುಚ್ಚಿದರೆ ಸುಟ್ಟುಹೋಗುತ್ತವೆ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಕರಾವಳಿಯ ನೆಂಟರು ದುಬೈ, ಕುವೈತ್‌ಗಳಿಂದ ತಂದವು 220-240ರವು, ಅವಕ್ಕೆ ಈ ತೊಂದರೆಯಿಲ್ಲ.

ರಿಪೇರಿಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಓದದ ಪ್ಲೇಯರನ್ನು ಕೊಟ್ಟಾಗ ಕೆಲವು ಮೆಕ್ಯಾನಿಕ್‌ಗಳು ಲೇಸರ್ ಯೂನಿಟ್ಟಿನ ಪಕ್ಕದಲ್ಲಿರುವ ಪ್ರಿಸೆಟ್ ಎಂಬ ಪುಟ್ಟ ತಿರುಪನ್ನು ತಿರುಗಿಸಿ ಅದಕ್ಕೆ ಹರಿಯುವ ವಿದ್ಯುತ್ತನ್ನು ಹೆಚ್ಚಿಸುತ್ತಾರೆ. ಯಂತ್ರ ಕೂಡಲೇ ಚುರುಕಾಗುತ್ತದೆ. ಆದರೆ ಮೊದಲೇ ದಣಿದ ಲೇಸರ್ ಹೆಚ್ಚಿನ ವಿದ್ಯುತ್ತಿಗೆ ಬೇಗ ಸಾಯುತ್ತದೆ. ಮೊದಲು ಆಗಬೇಕಾದದ್ದು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಲೆನ್ಸನ್ನು ಹಗುರವಾಗಿ ಒರೆಸುವುದು, ಹಳಿಯ ಗ್ರೀಸ್ ಬದಲಿಸುವುದು. ಅದಕ್ಕೂ ಜಗ್ಗದಿದ್ದರೆ ಹೊಸ ಯೂನಿಟ್. ಹೊಸ ಯೂನಿಟ್ಟುಗಳಲ್ಲಿ ಸ್ಥಿರವಿದ್ಯುತ್ತಿನಿಂದ ಲೇಸರ್ ಹಾಳಾಗದಿರಲೆಂದು ಹಾಕಿರುವ ಬೆಸುಗೆಯ ಚುಕ್ಕೆಯನ್ನು ಜೋಡಿಸಿದ ಮೇಲೆ ತೆಗೆಯಬೇಕು. ಅದನ್ನು ಮರೆತು ಯೂನಿಟ್ಟೇ ಕೆಟ್ಟದ್ದೆಂದು ಹಿಂದಿರುಗಿಸುವವರಿದ್ದಾರೆ. ತಟ್ಟೆಯ ವಿಷಯದಲ್ಲಿ ಎಲ್ಲರೂ ಕೆಳಮುಖವನ್ನಷ್ಟೇ ಕಾಪಾಡುತ್ತಾರೆ. ಅಲ್ಲಿ 1.2 ಮಿಲಿಮೀಟರಿನ ಪ್ಲಾಸ್ಟಿಕ್ ರಕ್ಷಣೆಯಿದೆ. ಮಾಹಿತಿಯ ಪದರವಿರುವುದು ಹೆಸರು ಅಚ್ಚಾದ ಮೇಲ್ಮುಖದ ತೆಳು ಮೆರುಗಿನ ಅಡಿಯಲ್ಲೇ. ಬಾಲ್‌ಪೆನ್ನಿನಲ್ಲಿ ಅಲ್ಲಿ ಹೆಸರು ಬರೆದರೆ ಆ ಭಾಗ ಶಾಶ್ವತವಾಗಿ ಹೋಯಿತು. ಒರೆಸುವುದು ನಡುವಿನಿಂದ ಅಂಚಿಗೆ ನೇರವಾಗಿ. ವೃತ್ತಾಕಾರವಾಗಿ ಒರೆಸಿದರೆ ಬೀಳುವ ಗೀರು ಸಾಲಿನ ಉದ್ದಕ್ಕೂ ಹರಿದು ಆ 2.5 ಮಿಲಿಮೀಟರಿನ ಮಿತಿಯನ್ನು ದಾಟಿಬಿಡುತ್ತದೆ.

ವಾದವನ್ನು ಇಷ್ಟು ದೂರ ಒಪ್ಪಿದವರು ಕೇಳಬಹುದಾದ ನೇರ ಪ್ರಶ್ನೆ, ಹಾಗಾದರೆ ಅಟ್ಟದ ಮೇಲಿರುವ ಹಳೆಯ ಡಿವಿಡಿ ಪ್ಲೇಯರ್ ಸಾಲದೇ ಎಂಬುದು. ಸಾಲುತ್ತದೆ, ಒಂದು ಷರತ್ತಿಗೆ ಒಳಪಟ್ಟು. ಅದರ ಹಿಂದೆ ಕೋಆಕ್ಸಿಯಲ್ ಅಥವಾ ಆಪ್ಟಿಕಲ್ ಔಟ್‌ಪುಟ್ ಇದ್ದು, ಅದು ಆಂಪ್ಲಿಫೈಯರಿನ ಡಿಜಿಟಲ್ ಇನ್‌ಪುಟ್ಟಿಗೆ ಹೋಗುವುದಾದರೆ ದನಿಯಲ್ಲಿ ನಾಚುವಂಥದ್ದೇನೂ ಇರುವುದಿಲ್ಲ. ಅದರ ಕೊರತೆ ಬೇರೆಡೆ. ಹಾಡು ಆರಿಸಲು ಟಿವಿ ಹಚ್ಚಬೇಕು, ಹಗುರ ತಗಡಿನ ಪೆಟ್ಟಿಗೆಯಲ್ಲಿ ತಟ್ಟೆಯ ಸದ್ದು ಕೇಳುತ್ತದೆ. ಅದನ್ನು ಸಹಿಸಬಲ್ಲವರು ಹೊಸ ಪ್ಲೇಯರಿನ ಹಣವನ್ನು ಉಳಿಸಿಕೊಳ್ಳಲಿ. ಇನ್ನೊಂದು ಪ್ರಶ್ನೆ ಇನ್ನೂ ಬಲವಾದದ್ದು: ತಟ್ಟೆಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡರೆ ಪ್ಲೇಯರೇ ಏಕೆ? ಸಿಡಿ-ಆರ್‌ಗಳ ಮಟ್ಟಿಗೆ ಅದು ಮಾಡಲೇಬೇಕಾದ, ಈ ವರ್ಷವೇ ಮಾಡಬೇಕಾದ ಕೆಲಸ. ಆ ತಾಳಮದ್ದಳೆಗಳಿಗೆ ಬೇರೆ ಪ್ರತಿಯಿಲ್ಲ. ಆದರೆ ಅರುವತ್ತು ಎಪ್ಪತ್ತು ದಾಟಿದ ಹಿರಿಯರಿರುವ ಮನೆಯಲ್ಲಿ ಸಂಜೆ ಕೇಳುವ ಹಾಡಿಗೆ ಫೋಲ್ಡರ್ ಹುಡುಕುವ ತಾಪತ್ರಯ ಬೇಡವೆನ್ನಿಸುತ್ತದೆ. ಟ್ರೇ ತೆರೆದು ತಟ್ಟೆ ಇಟ್ಟರೆ ಹಾಡುವ ಯಂತ್ರ ಅವರ ಕೈಗೆ ಒಗ್ಗಿದ್ದು. ಇದನ್ನು ಬರಿಯ ಹಳೆಯ ಅಭ್ಯಾಸವೆಂದು ತಳ್ಳಿಹಾಕುವುದು ಸರಿಯಲ್ಲ.

ಪ್ಲೇಯರಿನಲ್ಲಿ ಉಳಿದ ಹಣ ಹೋಗಬೇಕಾದದ್ದು ಸ್ಪೀಕರಿಗೆ. ಇಡೀ ಸರಪಣಿಯಲ್ಲಿ ಎರಡು ಮಾದರಿಗಳ ವ್ಯತ್ಯಾಸ ಮನೆಮಂದಿಗೆಲ್ಲ ಕೇಳಿಸುವಷ್ಟಿರುವುದು ಅಲ್ಲಿ ಮಾತ್ರ. ಹತ್ತು ಹನ್ನೆರಡು ಅಡಿಯ ಹಾಲಿಗೆ ದೊಡ್ಡ ನಿಲುವು ಸ್ಪೀಕರ್ ಬೇಡ. ಗೋಡೆಯಿಂದ ಸ್ವಲ್ಪ ಈಚೆಗೆ ಸ್ಟ್ಯಾಂಡಿನ ಮೇಲಿಟ್ಟ, ಪುಸ್ತಕದ ಕಪಾಟಿನಲ್ಲಿ ಹಿಡಿಯುವ ಗಾತ್ರದ ಜೋಡಿ ಗಂಗೂಬಾಯಿಯವರ ಗಂಭೀರ ದನಿಯನ್ನು ಬಡಬಡಿಕೆಯಿಲ್ಲದೆ ಕೊಡುತ್ತದೆ. ಎದುರಿನ ಬರಿಗೋಡೆಗೆ ದಪ್ಪ ಪರದೆ, ನೆಲಕ್ಕೊಂದು ಜಮಖಾನೆ ಹಾಕಿದರೆ ಕೋಣೆಯ ಮಾರ್ದನಿ ಇಳಿದು ತಬಲೆಯ ಬೋಲುಗಳು ಬಿಡಿಬಿಡಿಯಾಗಿ ಕೇಳುತ್ತವೆ. ಪ್ಲೇಯರನ್ನು ಕಿಟಕಿ ಮತ್ತು ಅಡುಗೆಮನೆಗಳಿಂದ ದೂರ, ಗಟ್ಟಿ ಹಲಗೆಯ ಮೇಲೆ ಇಡಬೇಕು. ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಒಂದು ಗಂಟೆ ಹಾಡಿಸಿದರೆ ಒಳಗಿನ ಶಾಖವೇ ತೇವವನ್ನು ಅಟ್ಟುತ್ತದೆ. ನಾಲ್ಕು ತಿಂಗಳು ಬಟ್ಟೆ ಹೊದಿಸಿ ಮುಟ್ಟದೆ ಬಿಡುವುದು ಲೆನ್ಸಿಗೆ ಎಲ್ಲಕ್ಕಿಂತ ಕೆಟ್ಟದ್ದು. ಕೊಂಡ ವರ್ಷವೇ, ಆ ಮಾದರಿ ಮಾರುಕಟ್ಟೆಯಲ್ಲಿರುವಾಗಲೇ, ಅದಕ್ಕೆ ಹೊಂದುವ ಅಸಲಿ ಲೇಸರ್ ಯೂನಿಟ್ ಒಂದನ್ನೂ ಟ್ರೇಯ ಬೆಲ್ಟ್ ಎರಡನ್ನೂ ತಂದು, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಟ್ಟು, ಡಬ್ಬಿಯ ಮೇಲೆ ಪ್ಲೇಯರಿನ ಮಾದರಿ ಸಂಖ್ಯೆ ಬರೆದಿಡಬೇಕು.